ಗೇಟಿನಾಚೆ ಏನಿದೆ ಎಂದು ಮೊದಲು ನೋಡಿ

ಕಳೆದ ಭಾನುವಾರ ನ್ಯೂಜೆರ್ಸಿಯ ನಮ್ಮ ಕನ್ನಡ ಕೂಟದ ಊಟದ ಸಾಲಿನಲ್ಲಿ ಗೆಳತಿಯೊಬ್ಬಳು ಬಿಸಿಬೇಳೆಬಾತಿನ ತಟ್ಟೆ ಹಿಡಿದುಕೊಂಡೇ ಕೇಳಿದಳು: "ಅಕ್ಕ, ಈ ಸಲ ಕೆರಿಬಿಯನ್‌ಗೆ ಹೋಗೋಣ ಎಂದುಕೊಂಡಿದ್ದೇವೆ. ಯಾವ ರೆಸಾರ್ಟ್ ಒಳ್ಳೆಯದು?" ಮಕ್ಕಳಿಗೆ ಈಗ ಎಷ್ಟು ವಯಸ್ಸು ಎಂದೆ. ದೊಡ್ಡವನಿಗೆ 16, ಚಿಕ್ಕವಳಿಗೆ 13. ಹಾಗಾದರೆ ಇದು ಹಪ್ಪಳ ಬರುವಷ್ಟರಲ್ಲಿ ಮುಗಿಯುವ ಮಾತಲ್ಲ, ಬರೆದು ಹಾಕುತ್ತೇನೆ ಎಂದೆ. ಇದೋ ಬರೆದಿದ್ದೇನೆ.

ನಾವು ಮೊದಲ ಸಲ ಹೋದಾಗ ಮಗಳಿಗೆ 8, ಮಗನಿಗೆ 5. ಡೊಮಿನಿಕನ್ ರಿಪಬ್ಲಿಕ್‌ನ ಪುಂಟ ಕಾನ. ಊಟ, ತಿಂಡಿ, ಪಾನೀಯ ಎಲ್ಲವೂ ಒಂದೇ ದರದೊಳಗೆ ಬರುವ ಆಲ್-ಇನ್‌ಕ್ಲೂಸಿವ್ ರೆಸಾರ್ಟ್. ಕೈಗೆ ಬಣ್ಣದ ಪಟ್ಟಿ ಕಟ್ಟಿಸಿಕೊಂಡು ಒಳಗೆ ಹೋದವರು ಆರು ದಿನ ಗೇಟಿನ ಮುಖ ನೋಡಲಿಲ್ಲ. ಮಕ್ಕಳನ್ನು ಬೆಳಿಗ್ಗೆ ಮಕ್ಕಳ ಕ್ಲಬ್ಬಿಗೆ ಬಿಟ್ಟರೆ ಮಧ್ಯಾಹ್ನದವರೆಗೆ ನನಗೆ ನಿದ್ದೆ, ಯಜಮಾನರಿಗೆ ಪುಸ್ತಕ. ಸ್ವರ್ಗ ಎಂದರೆ ಅದೇ.

ಏಳು ವರ್ಷದ ಬಳಿಕ ಅದೇ ರೆಸಾರ್ಟಿಗೆ ಮತ್ತೆ ಹೋದೆವು. ಒಂದು ಪರೀಕ್ಷೆಯಲ್ಲಿ ಅಂಕ ತಂದುಕೊಟ್ಟ ಉತ್ತರವನ್ನೇ ಇನ್ನೊಂದು ಪ್ರಶ್ನೆಪತ್ರಿಕೆಗೂ ಬರೆದು ಬಂದ ಹಾಗಾಯಿತು. ಆಗ ಮಗಳಿಗೆ 15. ಅಲ್ಲಿನ ಲೆಕ್ಕದಲ್ಲಿ 12 ದಾಟಿದವರೆಲ್ಲ ದೊಡ್ಡವರು. ಕೆಲವು ಕಡೆ 17ರವರೆಗೂ ಮಕ್ಕಳ ದರವೇ ನಡೆಯುತ್ತದೆ, ಕಾಯ್ದಿರಿಸುವ ಮೊದಲೇ ಕೇಳಿಕೊಳ್ಳಬೇಕು, ನಾನು ಕೇಳಿರಲಿಲ್ಲ. ಮದ್ಯವೂ ಸೇರಿದ ದೊಡ್ಡವರ ದರವನ್ನು, 18 ತುಂಬುವ ತನಕ ಕಾನೂನು ಪ್ರಕಾರ ಒಂದು ಗುಟುಕೂ ಕುಡಿಯಲಾಗದ ಹುಡುಗಿಗಾಗಿ ತೆತ್ತೆವು. ಅವಳು ಕುಡಿದದ್ದು ಕಲ್ಲಂಗಡಿ ರಸ. 'ಹದಿಹರೆಯದವರ ಕ್ಲಬ್' ಎಂದು ಜಾಹೀರಾತಿನಲ್ಲಿ ಮಿಂಚುತ್ತಿದ್ದದ್ದು ಕಿಟಕಿಯಿಲ್ಲದ ಒಂದು ಕೋಣೆ, ಎರಡು ವಿಡಿಯೊ ಗೇಮ್, ಕೆಟ್ಟು ಕುಳಿತ ಒಂದು ಆಟದ ಮೇಜು. ಮೂರನೆಯ ದಿನ ಮಗಳು "ಅಮ್ಮ, ಇದು ತುಂಬ ಚೆಂದದ ಜೈಲು" ಎಂದಳು. ಸಿಟ್ಟು ಬಂತು. ಆದರೆ ಗೇಟಿನಾಚೆ ಹೆದ್ದಾರಿಯೊಂದನ್ನು ಬಿಟ್ಟು ನಡೆದು ಹೋಗಬಹುದಾದದ್ದು ಏನೂ ಇರಲಿಲ್ಲ ಎಂಬುದು ನಿಜವೇ.

ಜೊತೆಗೆ ನಾತ. ಜೂನ್ ತಿಂಗಳು, ದಡದ ತುಂಬ ಸರ್ಗಾಸಮ್ ಎಂಬ ಕಂದು ಕಡಲಕಳೆ. ಅದು ಕೊಳೆತರೆ ಕೆಟ್ಟ ಮೊಟ್ಟೆಯ ವಾಸನೆ. 2011ರಿಂದ ಈಚೆಗೆ ಅಟ್ಲಾಂಟಿಕ್‌ನಿಂದ ರಾಶಿ ರಾಶಿಯಾಗಿ ಬರುತ್ತಿದೆ, ಬೇಸಿಗೆಯಲ್ಲಿ ಹೆಚ್ಚು. ಬೆಳಿಗ್ಗೆ ಟ್ರ್ಯಾಕ್ಟರ್ ತಂದು ಎತ್ತುತ್ತಿದ್ದರು, ಸಂಜೆಗೆ ಮತ್ತೆ ಅಷ್ಟೇ.

ನಾನು ಕುಂದಾಪುರದ ಕಡೆಯವಳು. ಕಡಲ ಬದಿಯಲ್ಲಿ ಹುಟ್ಟಿ ಗಾಳಿ ಯಾವ ಕಡೆಯದು ಎಂದು ಕೇಳದೆ ದುಡ್ಡು ಕಟ್ಟಿದೆನಲ್ಲ ಎಂದು ಆಮೇಲೆ ನನಗೇ ನಾಚಿಕೆಯಾಯಿತು. ನಮ್ಮೂರಿನಲ್ಲಿ ಕಡಲು ಇರುವುದೂ ಪಡುವಣದಲ್ಲಿ, ಮಳೆಗಾಲದ ಗಾಳಿ ಬರುವುದೂ ಅಲ್ಲಿಂದಲೇ. ಕೆರಿಬಿಯನ್‌ನಲ್ಲಿ ಲೆಕ್ಕ ತಿರುವುಮುರುವು. ಶಾಲೆಯಲ್ಲಿ ಓದಿದ ವಾಣಿಜ್ಯ ಮಾರುತಗಳು ಅಲ್ಲಿ ಹೆಚ್ಚುಕಡಿಮೆ ವರ್ಷವಿಡೀ ಮೂಡಣದಿಂದ ಬೀಸುತ್ತವೆ. ಹಾಗಾಗಿ ಮೂಡಣ ದಡಕ್ಕೆ ತೆರೆಯೂ ಹೆಚ್ಚು, ಕಳೆಯೂ ಹೆಚ್ಚು. ಪುಂಟ ಕಾನ ಮೂಡಣ ದಡದ್ದೇ. ಪಡುವಣ ದಡಕ್ಕೆ ದ್ವೀಪವೇ ಅಡ್ಡಗೋಡೆ. ಬಾರ್ಬಡೋಸ್ ನೋಡಿ: ಮೂಡಣದ ಬಾತ್‌ಶೀಬಾದಲ್ಲಿ ಅಲೆ ಸವಾರಿ ಮಾಡುವವರ ಅಬ್ಬರ, ಪಡುವಣದ ಹೋಲ್‌ಟೌನ್‌ನಲ್ಲಿ ಕೆರೆಯಂಥ ನೀರು. ರೆಸಾರ್ಟಿನ ಫೋಟೊ ನೋಡುವ ಮೊದಲು ಅದು ದ್ವೀಪದ ಯಾವ ಮಗ್ಗುಲಲ್ಲಿದೆ ಎಂದು ನೋಡಿ. ಫೋಟೊದಲ್ಲಿ ಎಲ್ಲ ಕಡಲೂ ಒಂದೇ ನೀಲಿ.

ಇನ್ನು ಚಂಡಮಾರುತ. ಜೂನ್ 1ರಿಂದ ನವೆಂಬರ್ 30ರವರೆಗೆ ಅದರ ಕಾಲ, ಸೆಪ್ಟೆಂಬರ್ ಅತಿ ಕೆಟ್ಟದ್ದು. 2024ರ ಜೂನ್ 29ರಂದು ಬಾರ್ಬಡೋಸ್‌ನ ಬ್ರಿಜ್‌ಟೌನ್‌ನಲ್ಲಿ ಟಿ20 ವಿಶ್ವಕಪ್ ಗೆದ್ದ ನಮ್ಮ ತಂಡ ಬೆರಿಲ್ ಚಂಡಮಾರುತದಿಂದಾಗಿ ಹೋಟೆಲಿನಲ್ಲೇ ಸಿಕ್ಕಿಹಾಕಿಕೊಂಡು ದಿನಗಟ್ಟಲೆ ಕಾದದ್ದು ನೆನಪಿದೆಯಲ್ಲ? ಆಗಿನ ತರಬೇತುದಾರ ರಾಹುಲ್ ದ್ರಾವಿಡ್ ಅವರಿಗೇ ಬಾರದ ವಿಮಾನ ನಿಮಗೂ ನನಗೂ ಬರುವುದೇ? ಬೇಸಿಗೆ ರಜೆಯಲ್ಲೇ ಹೋಗಬೇಕಾದವರಿಗೆ ದಕ್ಷಿಣದ ಅರುಬಾ, ಬೊನೇರ್, ಕುರಸಾವ್ ದ್ವೀಪಗಳು ವಾಸಿ. ವೆನೆಜುವೆಲಾದ ಹತ್ತಿರವಿರುವ ಇವು ಚಂಡಮಾರುತಗಳ ಮಾಮೂಲಿ ದಾರಿಯಿಂದ ಕೆಳಗಿವೆ. ಪೂರ್ತಿ ಪಾರು ಎಂದಲ್ಲ, ಅಪಾಯ ತೀರ ಕಡಿಮೆ.

ಕಳೆದ ನವೆಂಬರ್‌ನಲ್ಲಿ ನಾವು ಹೋದದ್ದು ಅರುಬಾಕ್ಕೆ. ನ್ಯೂಜೆರ್ಸಿಯಲ್ಲಿ ಆಗ ಶಿಕ್ಷಕರ ಸಮ್ಮೇಳನಕ್ಕೆಂದು ಶಾಲೆಗೆ ರಜೆ. ನಾಲ್ಕೂವರೆ, ಐದು ತಾಸಿನ ನೇರ ವಿಮಾನ. ಪಾಮ್ ಬೀಚ್‌ನಲ್ಲಿ ಸಾಲು ಹೋಟೆಲುಗಳು, ಅವುಗಳ ನಡುವೆ ಕಡಲಿಗುಂಟ ಕಾಲುದಾರಿ, ರಸ್ತೆ ದಾಟಿದರೆ ಅಂಗಡಿಗಳು, ಹೋಟೆಲಿನೆದುರೇ ಬಸ್ಸು. ಈ ಸಲ ಊಟ ಸೇರದ ಕೋಣೆಗಳನ್ನೇ ಬೇಕೆಂದು ಹಿಡಿದೆ. ಮೂರು ಹೊತ್ತೂ ಒಂದೇ ಬಫೆ ಎಂದರೆ ಹದಿಹರೆಯದವರಿಗೆ ಹಾಸ್ಟೆಲ್ ಮೆಸ್ಸು.

ಎರಡನೆಯ ದಿನ ಅಕ್ಕ-ತಮ್ಮ ಇಬ್ಬರೇ ಬಸ್ಸಿನಲ್ಲಿ ಓರಾನ್‌ಯೆಸ್ಟಾಡ್ ಪೇಟೆಗೆ ಹೋಗಿ ಬರುತ್ತೇವೆ ಎಂದರು. ಯಜಮಾನರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಹೋಗಲಿ ಬಿಡಿ ಎಂದೆ; ಎಂದವಳು ಎರಡೂವರೆ ತಾಸು ಕಡಲಿನ ಕಡೆ ಬೆನ್ನು ಹಾಕಿ ಬಸ್ ನಿಲ್ದಾಣದ ಕಡೆಗೇ ನೋಡುತ್ತ ಕುಳಿತಿದ್ದೆ. ಬಂದರು. ಕೈಯಲ್ಲಿ ಎಣ್ಣೆ ಜಿನುಗುವ ಕಾಗದದ ಪೊಟ್ಟಣ, ಒಳಗೆ ಪಸ್ಟೇಚಿ. ನಮ್ಮ ಕರ್ಜಿಕಾಯಿಯ ಆಕಾರ, ಹೂರಣದ ಬದಲು ಚೀಸ್. ಅಂಗಡಿಯಾಕೆಗೆ ಪಾಪಿಯಾಮೆಂಟೊ ಭಾಷೆಯಲ್ಲಿ 'ಮಾಶಾ ದಾಂಕಿ' ಎಂದು ಹೇಳಿ ಬಂದೆ ಎಂದು ಮಗ ಬೀಗಿದ. ಮನೆಯಲ್ಲಿ ಕನ್ನಡದಲ್ಲಿ ಧನ್ಯವಾದ ಹೇಳು ಎಂದರೆ ಕಿವುಡನಾಗುವವನು!

ಮರುದಿನದಿಂದ ಇಬ್ಬರೂ ಪಾಮ್ ಬೀಚ್‌ನ ಉತ್ತರಕ್ಕಿರುವ ಫಿಷರ್‌ಮೆನ್ಸ್ ಹಟ್ಸ್‌ನಲ್ಲಿ ವಿಂಡ್‌ಸರ್ಫಿಂಗ್ ಕಲಿಯಲು ಹೊರಟರು. ಸೊಂಟದ ಮಟ್ಟದ ನೀರು, ಬಿಡದೆ ಬೀಸುವ ಗಾಳಿ, ಬಿದ್ದರೆ ಎದ್ದು ನಿಲ್ಲಬಹುದು. "ಕಡಲು ನೋಡಲಿಕ್ಕೆ, ಇಳಿಯಲಿಕ್ಕಲ್ಲ" ಎಂದು ಹೇಳುತ್ತಲೇ ನನ್ನನ್ನು ಬೆಳೆಸಿದ ಅಮ್ಮನಿಗೆ ಆ ವಿಡಿಯೊ ಇನ್ನೂ ಕಳಿಸಿಲ್ಲ. ಆ ಗಾಳಿಯನ್ನು ಎಲ್ಲರೂ ಮೆಚ್ಚುತ್ತಾರೆ ಎಂದಲ್ಲ. ಅಲ್ಲಿನ ದಿವಿ-ದಿವಿ ಮರಗಳೇ ಒಂದೇ ಕಡೆಗೆ ಬಾಗಿ ನಿಂತಿವೆ, ನನ್ನ ಟೋಪಿ ಯಾವ ಲೆಕ್ಕ.

ಕೋಣೆಯ ವಿಷಯ ಮರೆಯಬೇಡಿ. ಎರಡು ಮಂಚದ ಒಂದೇ ಕೋಣೆಯಲ್ಲಿ ನಾಲ್ಕು ಜನ ಎನ್ನುವುದು ಹತ್ತು ವರ್ಷದೊಳಗಿನ ಮಕ್ಕಳಿಗೆ ಸರಿ. ಎರಡು ಕೋಣೆ ತೆಗೆದುಕೊಳ್ಳಿ, ಆದರೆ 'ಪಕ್ಕಪಕ್ಕದ ಕೋಣೆ' ಬೇರೆ, 'ನಡುವೆ ಒಳಬಾಗಿಲಿರುವ ಕೋಣೆ' ಬೇರೆ. ಫೋನು ಮಾಡಿ ಬಾಯಿಬಿಟ್ಟು ಕೇಳಿ.

ಸಸ್ಯಾಹಾರಿಗಳು ಅಂಜಬೇಕಿಲ್ಲ. 1845ರಿಂದ ಟ್ರಿನಿಡಾಡ್ ಮತ್ತು ಜಮೈಕಾಕ್ಕೆ ಹಡಗು ಹತ್ತಿಸಿ ಒಯ್ದ ಭಾರತದ ಕೂಲಿಗಳು ಅಡುಗೆಯನ್ನೂ ಒಯ್ದರು. ಟ್ರಿನಿಡಾಡ್‌ನ ದಾಲ್‌ಪುರಿ ಎಂದರೆ ಬೇಳೆಯ ಪುಡಿ ತುಂಬಿದ ಖಾರದ ಹೋಳಿಗೆಯೇ ಸರಿ. ಜಮೈಕಾದ ರಾಸ್ತಾಫಾರಿ ಪಂಥದವರ 'ಐಟಲ್' ಅಡುಗೆಯಲ್ಲಿ ಮಾಂಸವಿಲ್ಲ, ಅನೇಕರು ಉಪ್ಪನ್ನೂ ಹಾಕುವುದಿಲ್ಲ. ಇವೆಲ್ಲ ಸಿಗುವುದು ಹೆಚ್ಚಾಗಿ ಗೇಟಿನಾಚೆಗೆ.

ಅಮೆರಿಕದ ಕೆಲಸದ ವೀಸಾ ಎಚ್-1ಬಿಯಲ್ಲಿರುವವರಿಗೆ ಒಂದು ಮಾತು, ಏಕೆಂದರೆ ಪರಿಚಯದ ಒಂದು ಕುಟುಂಬ ಕೊನೆಯ ಗಳಿಗೆಯಲ್ಲಿ ಟಿಕೆಟ್ ರದ್ದು ಮಾಡಬೇಕಾಯಿತು. ಪಾಸ್‌ಪೋರ್ಟಿನಲ್ಲಿರುವ ವೀಸಾ ಮುದ್ರೆಯ ಅವಧಿ ಮುಗಿದಿದ್ದರೂ ಕೆನಡಾ, ಮೆಕ್ಸಿಕೊಗೆ 30 ದಿನದೊಳಗೆ ಹೋಗಿ ಬರಲು ವಿನಾಯಿತಿ ಉಂಟು. ಅದು ನಿಮಗೆ ಕೆರಿಬಿಯನ್ ದ್ವೀಪಗಳಿಗೆ ಅನ್ವಯಿಸುವುದಿಲ್ಲ. ಅಂಥವರು ಅಮೆರಿಕದ ಆಡಳಿತದಲ್ಲೇ ಇರುವ ಪೋರ್ಟೊ ರಿಕೊ ಅಥವಾ ಯುಎಸ್ ವರ್ಜಿನ್ ದ್ವೀಪಗಳಿಗೆ ಹೋಗಬಹುದು. ಸಮಾಧಾನದ ಬಹುಮಾನ ಎಂದುಕೊಳ್ಳಬೇಡಿ. ಪೋರ್ಟೊ ರಿಕೊದ ವಿಯೇಕಸ್‌ನಲ್ಲಿ ಅಮಾವಾಸ್ಯೆಯ ಆಸುಪಾಸಿನ ರಾತ್ರಿ ಹುಟ್ಟು ಹಾಕಿದರೆ ನೀರೇ ನೀಲಿಯಾಗಿ ಹೊಳೆಯುತ್ತದೆ. ವರ್ಜಿನ್ ದ್ವೀಪಗಳಲ್ಲಿ ಒಂದಾದ ಸೇಂಟ್ ಜಾನ್‌ನ ಅರ್ಧಕ್ಕಿಂತ ಹೆಚ್ಚು ಭಾಗ ರಾಷ್ಟ್ರೀಯ ಉದ್ಯಾನ, ಅಲ್ಲಿನ ಟ್ರಂಕ್ ಬೇಯಲ್ಲಿ ನೀರಿನಡಿಯಲ್ಲೇ ಫಲಕಗಳಿರುವ ಈಜುದಾರಿ ಇದೆ. ವರ್ಜಿನ್ ದ್ವೀಪಗಳಿಂದ ಮರಳುವಾಗ ದಾಖಲೆ ನೋಡುತ್ತಾರೆ, ಪಾಸ್‌ಪೋರ್ಟ್ ಒಯ್ಯಿರಿ.

ಈ ವರ್ಷದ ಜಗಳ ಮನೆಯಲ್ಲಿ ಶುರುವಾಗಿದೆ. ಮಗಳಿಗೆ ಸ್ಕೂಬಾ ಕಲಿಯಲು ಬೊನೇರ್ ಬೇಕು. ಅಲ್ಲಿ ರಸ್ತೆ ಬದಿಯ ಹಳದಿ ಕಲ್ಲು ನೋಡಿ ಗಾಡಿ ನಿಲ್ಲಿಸಿ ದಡದಿಂದಲೇ ಮುಳುಗಬಹುದಂತೆ. ಹಲವು ಸಲ ಮುಳುಗಿದ ಮೇಲೆ ವಿಮಾನ ಹತ್ತಲು ಕನಿಷ್ಠ 18 ತಾಸು ಕಾಯಬೇಕು ಎಂಬುದನ್ನೂ ಅವಳೇ ಓದಿ ಹೇಳಿದಳು. ಮಗನಿಗೆ ಬಾರ್ಬಡೋಸ್, ಅಲ್ಲಿನ ಕೆನ್ಸಿಂಗ್ಟನ್ ಓವಲ್ ಕ್ರಿಕೆಟ್ ಮೈದಾನ ನೋಡಬೇಕಂತೆ. ಯಜಮಾನರಿಗೆ ಎಲ್ಲಿಯಾದರೂ ಸರಿ, ಡಿಕಾಕ್ಷನ್ ಹಾಕಿಕೊಳ್ಳಲು ಕೋಣೆಯಲ್ಲಿ ಬಿಸಿನೀರು ಇದ್ದರಾಯಿತು. ಬೊನೇರ್‌ನಲ್ಲಿ ಗಾಡಿ ಬಾಡಿಗೆಗೆ ಹಿಡಿಯದೆ ನಡೆಯದು, ಆ ಗಾಡಿಯನ್ನು ಮಗಳೊಬ್ಬಳ ಕೈಗೆ ಕೊಡುವ ಧೈರ್ಯ ನನಗಿನ್ನೂ ಬಂದಿಲ್ಲ. ಬಾರ್ಬಡೋಸ್‌ನಲ್ಲಿ ಬಸ್ಸು ಚೆನ್ನಾಗಿದೆ. ಹಾಗಾಗಿ ಸದ್ಯಕ್ಕೆ ಮಗನ ಪಕ್ಷದಲ್ಲಿದ್ದೇನೆ. ಮಗಳಿಗೆ ಕಾರಣ ಹೇಳಿಲ್ಲ.