ಸಹಜ ಚಿತ್ರಕ್ಕೂ ಒಂದು ಪಟ್ಟಿ ಬೇಕು

ಹದಿನೈದು ವರ್ಷಗಳಿಂದ ಕರ್ನಾಟಕದ ಹೊರಗೆ, ಸಮುದ್ರದಾಚೆ ನೆಲೆಸಿರುವ ನಾನು ರಜೆಗೆಂದು ಬಂದಾಗಲೆಲ್ಲ ಯಾರದಾದರೂ ಮನೆಯಲ್ಲಿ ಒಂದು ಮದುವೆಯ ಆಲ್ಬಮ್ ನನ್ನ ತೊಡೆಯ ಮೇಲೆ ಬಂದು ಕೂರುತ್ತದೆ. ಕಳೆದ ಸಲ ಬಂದದ್ದು ತಂಗಿಯ ಮಗನದು. ಮದುವೆಗೆ ಬರಲಾಗದ ಕೊರಗಿನಲ್ಲಿ ಆಲ್ಬಮ್ ಮುಗಿಸಿದ್ದಲ್ಲದೆ, ಪೆನ್‌ಡ್ರೈವಿನಲ್ಲಿದ್ದ 2,300 ಚಿತ್ರಗಳನ್ನೂ ಒಂದೊಂದಾಗಿ ನೋಡಿದೆ. ವಧುವಿನ ಬೆರಳುಗಳ ಚಿತ್ರಗಳೇ ನಲವತ್ತಕ್ಕೂ ಹೆಚ್ಚಿದ್ದವು. ವರನನ್ನು ಎತ್ತಿ ಆಡಿಸಿ ಬೆಳೆಸಿದ ನಮ್ಮ ದೊಡ್ಡಮ್ಮ ಮಾತ್ರ ಕಂಡದ್ದು ಒಂದೇ ಚಿತ್ರದಲ್ಲಿ. ಅದೂ ಯಾರದೋ ಭುಜದ ಹಿಂದೆ, ಅರ್ಧ ಕನ್ನಡಕವಷ್ಟೇ ಕಾಣುವಂತೆ. ಛಾಯಾಗ್ರಾಹಕನ ಕೈಚಳಕದಲ್ಲಿ ಕೊರತೆಯೇನೂ ಇರಲಿಲ್ಲ. ಆಕೆ ಯಾರೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಮದುವೆಯ ಚಿತ್ರಗಳ ಮಾತು ಬಂದಾಗ ನಮ್ಮವರು ಈಗ ಎರಡು ಪಕ್ಷಗಳಾಗಿ ನಿಲ್ಲುತ್ತಾರೆ. ಸಾಲಾಗಿ ನಿಲ್ಲಿಸಿ ತೆಗೆಯುವ ‘ಟ್ರೆಡಿಷನಲ್’ ಹಳೆಯ ಕಾಲದ್ದು, ಗೊತ್ತಾಗದಂತೆ ತೆಗೆಯುವ ‘ಕ್ಯಾಂಡಿಡ್’ ಹೊಸ ಕಾಲದ್ದು ಎಂಬುದು ಅನೇಕರ ತೀರ್ಮಾನ; ಎರಡಕ್ಕೂ ಬೇರೆಬೇರೆ ತಂಡಗಳನ್ನು ಗೊತ್ತುಮಾಡುವುದೂ ಉಂಟು. ನಾನಿರುವ ಕಡೆ ಇದೇ ಕ್ಯಾಂಡಿಡ್ಡಿಗೆ ಡಾಕ್ಯುಮೆಂಟರಿ ಶೈಲಿಯೆಂಬ ಗಂಭೀರ ಹೆಸರಿದೆ. ಎರಡೂ ಕಡೆಯ ಮದುವೆಗಳಲ್ಲಿ ಕೂತು ನೋಡಿದ ಮೇಲೆ ನನಗನ್ನಿಸುವುದೇನೆಂದರೆ, ಚಿತ್ರ ಚೆನ್ನಾಗಿ ಬರುವುದೂ ಬಾರದಿರುವುದೂ ಶೈಲಿಗಿಂತ ಹೆಚ್ಚಾಗಿ, ಮದುವೆಗೆ ಮೊದಲು ಮನೆಯವರು ಮತ್ತು ಛಾಯಾಗ್ರಾಹಕ ಎದುರುಬದುರು ಕೂತು ಎಷ್ಟು ಮಾತಾಡಿದ್ದಾರೆ ಎಂಬುದನ್ನು ಅವಲಂಬಿಸಿದೆ.

ನಿಲ್ಲಿಸಿ ತೆಗೆಯುವ ಕ್ರಮ ಯಾರದೋ ಅಭಿರುಚಿಯಿಂದ ಹುಟ್ಟಿದ್ದಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. 1839ರಲ್ಲಿ ಡಾಗೆರೋಟೈಪ್ ಎಂಬ ಆರಂಭಕಾಲದ ಛಾಯಾಚಿತ್ರ ವಿಧಾನ ಜಗತ್ತಿನ ಮುಂದೆ ಬಂದಾಗ ಒಂದು ಚಿತ್ರ ಮೂಡಲು ನಿಮಿಷಗಟ್ಟಲೆ ಬೆಳಕು ಬೇಕಾಗುತ್ತಿತ್ತು; ಅಲುಗಾಡಿದವರ ಮುಖ ಮಸುಕಾಗುತ್ತಿತ್ತು. ಮುಂದಿನ ವರ್ಷವೇ ನಡೆದ ವಿಕ್ಟೋರಿಯಾ ರಾಣಿಯ ಮದುವೆಯ ಫೋಟೋ ಒಂದೂ ಇಲ್ಲ. ಮದುವೆಯ ಚಿತ್ರವೆಂದು ಇಂದಿಗೂ ಹಂಚಿಕೆಯಾಗುತ್ತಿರುವುದು 1854ರಲ್ಲಿ ರೋಜರ್ ಫೆಂಟನ್ ಎಂಬ ಛಾಯಾಗ್ರಾಹಕ ರಾಣಿಯನ್ನೂ ಆಕೆಯ ಪತಿಯನ್ನೂ ನಿಲ್ಲಿಸಿ ತೆಗೆದದ್ದು, ಎಂದರೆ ಮದುವೆಯಾಗಿ ಹದಿನಾಲ್ಕು ವರ್ಷಗಳ ಅನಂತರದ್ದು. ಕ್ಯಾಮೆರಾ ಮದುವೆಯ ಮನೆಗೆ ಬರುವಷ್ಟು ಹಗುರವಾದ ಮೇಲೂ, ಚೌಕಾಕಾರದ ಚಿತ್ರ ಕೊಡುವ ದೊಡ್ಡ ಕ್ಯಾಮೆರಾದ ಒಂದು ರೋಲಿನಲ್ಲಿ ಹನ್ನೆರಡೇ ಚಿತ್ರಗಳು. ಹನ್ನೆರಡೇ ಇದ್ದಾಗ ಯಾರೂ ಬೆರಳುಗಳ ಮೇಲೆ ನಲವತ್ತು ಖರ್ಚು ಮಾಡುವುದಿಲ್ಲ. ಯಾರು ಚಿತ್ರದಲ್ಲಿರಬೇಕೆಂದು ಮೊದಲೇ ಯೋಚಿಸಿ ಎಲ್ಲರನ್ನೂ ಕೂಗಿ ಕರೆಯುತ್ತಾರೆ. ಆ ಶಿಸ್ತಿನಿಂದಾಗಿಯೇ ಹಳೆಯ ಕಪ್ಪುಬಿಳುಪು ಗುಂಪುಚಿತ್ರಗಳಲ್ಲಿ ಮನೆತನವಿಡೀ ಸಿಗುತ್ತದೆ.

ಮೂವತ್ತಾರು ಚಿತ್ರಗಳ ಸಣ್ಣ ರೋಲು ಮತ್ತು ಕೈಯಲ್ಲಿ ಹಿಡಿಯುವ ಕ್ಯಾಮೆರಾ ಬಂದ ಮೇಲೆ ಸುದ್ದಿ ಛಾಯಾಗ್ರಹಣದ ಕಣ್ಣು ನಿಧಾನವಾಗಿ ಮದುವೆಯ ಕಡೆಗೂ ಹೊರಳಿತು. 1996ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ದ್ವೀಪವೊಂದರ ಪುಟ್ಟ ಚರ್ಚಿನಲ್ಲಿ ಅಧ್ಯಕ್ಷ ಕೆನಡಿಯ ಮಗ ಜಾನ್ ಎಫ್. ಕೆನಡಿ ಜೂನಿಯರ್ ಮದುವೆಯಾದಾಗ, ಹೊರಬರುತ್ತ ಆತ ವಧುವಿನ ಕೈಗೆ ಮುತ್ತಿಟ್ಟ ಗಳಿಗೆಯನ್ನು ಛಾಯಾಗ್ರಾಹಕ ಡೆನಿಸ್ ರೆಗ್ಗಿ ಹಿಡಿದ ಚಿತ್ರ ಈ ಶೈಲಿಗೆ ದೊಡ್ಡ ಹೆಸರು ತಂದಿತು. ಅದನ್ನು ನೋಡಿದವರು ಸಾಮಾನ್ಯವಾಗಿ ಮರೆಯುವ ಸಂಗತಿಯೊಂದಿದೆ: ಅಲ್ಲಿ ಅತಿಥಿಗಳಿದ್ದದ್ದು ಸುಮಾರು ನಲವತ್ತು ಮಂದಿ. ಸಾವಿರ ಜನ ನೆರೆಯುವ ಕಡೆ ಒಬ್ಬನೇ ಕ್ಯಾಮೆರಾ ಹಿಡಿದು ಸುಮ್ಮನೆ ಸುತ್ತುತ್ತಿದ್ದರೆ ಅವನಿಗೆ ಸಿಗುವುದು ಬೆಳಕಿಗೆ ಹತ್ತಿರವಿರುವವರು ಮತ್ತು ಚೆಂದವಾಗಿ ನಗುವವರು ಮಾತ್ರ.

ನಾನು ನೆಲೆಸಿರುವ ಇಲ್ಲಿಯವರಿಂದ ಕಲಿತದ್ದು ಒಂದು ಹಾಳೆಯ ಬೆಲೆ. ಗೆಳೆಯನೊಬ್ಬನ ಮದುವೆಗೆ ಮೂರು ವಾರ ಮೊದಲು ಛಾಯಾಗ್ರಾಹಕಿ ಮನೆಗೆ ಬಂದು ಎರಡು ಗಂಟೆ ಕೂತಿದ್ದಳು. ಯಾವ ಗುಂಪಿನಲ್ಲಿ ಯಾರು ಯಾರು, ನಿಲ್ಲಲಾಗದ ಹಿರಿಯರು ಯಾರು, ಬೇಗ ಹೊರಡುವವರು ಯಾರು, ಯಾರ ಪಕ್ಕದಲ್ಲಿ ಯಾರನ್ನು ನಿಲ್ಲಿಸಬಾರದು ಎಂದು ಕೇಳಿ ಬರೆದುಕೊಂಡಳು. ಕೊನೆಯ ಪ್ರಶ್ನೆಗೆ ಗೆಳೆಯ ಒಂದು ಕ್ಷಣ ಸುಮ್ಮನಾದ. ಅವನ ತಂದೆತಾಯಿ ಬೇರೆಯಾಗಿ ಹತ್ತು ವರ್ಷಗಳಾಗಿದ್ದವು. ಒಂದು ಗುಂಪಿಗೆ ಮೂರು ನಿಮಿಷದಂತೆ ಹತ್ತು ಗುಂಪುಗಳಿಗೆ ಅರ್ಧ ಗಂಟೆ ಎಂದು ಲೆಕ್ಕ ಹಾಕಿದಳು. ಮೊದಲು ಎಲ್ಲರೂ ಇರುವ ದೊಡ್ಡ ಗುಂಪು, ಅದರಿಂದ ಕಳಚುತ್ತ ಕಳಚುತ್ತ ಚಿಕ್ಕ ಗುಂಪುಗಳು. ಹಿರಿಯರಿಗೆ ಮೊದಲ ಬಿಡುಗಡೆ. ಮುಖಪರಿಚಯವೂ ಗಟ್ಟಿ ಕಂಠವೂ ಇರುವ ಸೋದರಸಂಬಂಧಿಯೊಬ್ಬನಿಗೆ ಹೆಸರು ಕೂಗುವ ಕೆಲಸ ವಹಿಸಲಾಯಿತು. ಅಂದು ಆ ಅರ್ಧ ಗಂಟೆ ಮುಗಿದ ಮೇಲೆ ಆಕೆ ಎಲ್ಲಿದ್ದಾಳೆಂದೇ ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಕೈಸೇರಿದ ಸಹಜ ಚಿತ್ರಗಳೆಲ್ಲ ಆ ಗೊತ್ತಾಗದ ಹೊತ್ತಿನವು.

ನಮ್ಮ ಕಡೆ ನಡೆಯುವುದು ಇದಕ್ಕೆ ತಿರುಗುಮುರುಗು. ಯಾರೂ ಏನೂ ಹೇಳದ ಕಾರಣ ಛಾಯಾಗ್ರಾಹಕನೇ ಯಜಮಾನನಾಗುತ್ತಾನೆ. ಗಳಿಗೆ ತಪ್ಪಿಹೋಯಿತೆಂದು ‘ಇನ್ನೊಂದು ಸಲ ಮಾಡಿ ಸಾರ್’ ಎನ್ನುತ್ತಾನೆ, ಮನೆಯವರು ವಿಧೇಯರಾಗಿ ಮತ್ತೆ ಮಾಡುತ್ತಾರೆ, ಚಿತ್ರದಲ್ಲಿ ಇಬ್ಬರೂ ಪರಸ್ಪರ ನೋಡುವ ಬದಲು ಲೆನ್ಸನ್ನು ನೋಡುತ್ತಿರುತ್ತಾರೆ. ನನ್ನ ಮದುವೆಯ ಆಲ್ಬಮ್ಮಿನ ಮೂರನೆಯ ಪುಟದಲ್ಲೇ ಇಂಥದೊಂದಿದೆ.

ಹಾಗೆಂದು ಇಲ್ಲಿಯದೆಲ್ಲ ಮೇಲು ಎನ್ನಲಾರೆ. ವೇದಿಕೆಯ ಮೇಲೆ ಎರಡು ಗಂಟೆ ಸಾಲು ನಿಂತು ತೆಗೆಸಿಕೊಳ್ಳುವ ನಮ್ಮ ಚಿತ್ರಗಳನ್ನು ಹೊಸಬರು ಎಷ್ಟೇ ಹಾಸ್ಯ ಮಾಡಲಿ, ಬಂದವರೆಲ್ಲ ಒಮ್ಮೆಯಾದರೂ ದಾಖಲಾಗುವುದು ಅಲ್ಲಿಯೇ. ಇಪ್ಪತ್ತು ವರ್ಷ ಕಳೆದ ಮೇಲೆ ಜನ ಬೆರಳಿಟ್ಟು ಹುಡುಕುವುದೂ ಅವನ್ನೇ. ಇಲ್ಲಿ ಯೋಜನೆಯೇ ಅತಿಯಾಗಿ, ಸೂರ್ಯಾಸ್ತಕ್ಕೆ ಮೊದಲಿನ ಹೊಂಬಿಸಿಲಿಗಾಗಿ ವಧೂವರರು ಒಂದೂವರೆ ಗಂಟೆ ಮಾಯವಾದ ಮದುವೆಯಲ್ಲಿ, ಪರಿಚಯವೇ ಇಲ್ಲದವರ ನಡುವೆ ಕೈಕಟ್ಟಿ ನಿಂತಿದ್ದೇನೆ. ಕೆಳಗಿಳಿದ ಸೂರ್ಯನ ಬೆಳಕು ಹೆಚ್ಚು ಗಾಳಿಯನ್ನು ಹಾಯ್ದು ಬರುವುದರಿಂದ ಮೆದುವಾಗಿ, ಬಣ್ಣ ಬೆಚ್ಚಗಾಗಿರುತ್ತದೆ ಎಂಬುದು ನಿಜ. ಜಾಗವನ್ನು ಹಿಂದಿನ ದಿನವೇ ನೋಡಿಟ್ಟುಕೊಂಡಿದ್ದರೆ ಅದಕ್ಕೆ ಇಪ್ಪತ್ತು ನಿಮಿಷ ಸಾಕು.

ಬೆಳಕಿನ ವಿಚಾರಕ್ಕೆ ಎರಡೂ ಕಡೆಯವರು ಕೊಡಬೇಕಾದಷ್ಟು ಗಮನ ಕೊಡುವುದಿಲ್ಲ. ಸಭಾಂಗಣ ಗೊತ್ತುಮಾಡುವಾಗ ಕುರ್ಚಿಗಳೆಷ್ಟೆಂದು ಕೇಳುತ್ತೇವೆ, ಕಿಟಕಿಗಳು ಯಾವ ಕಡೆಗಿವೆ ಎಂದು ಕೇಳುವುದಿಲ್ಲ. ಬೆಳಕಿನ ಬಣ್ಣವನ್ನು ಅಳೆಯುವ ಮಾನದಲ್ಲಿ ಹಳದಿ ಬಲ್ಬು ಸುಮಾರು 3,000 ಕೆಲ್ವಿನ್, ಹಗಲು ಬೆಳಕು ಸುಮಾರು 5,500. ಎರಡೂ ಒಂದೇ ಮುಖದ ಮೇಲೆ ಬಿದ್ದರೆ ಒಂದು ಕೆನ್ನೆ ಕಿತ್ತಳೆ, ಇನ್ನೊಂದು ನೀಲಿ. ಅಗ್ಗದ ಎಲ್‌ಇಡಿ ದೀಪಗಳು ಕಣ್ಣಿಗೆ ಕಾಣದಂತೆ ಮಿಣುಕುವುದರಿಂದ, ಕ್ಯಾಮೆರಾದೊಳಗೆ ಬೆಳಕು ಬಿಡುವ ಕದದ, ಎಂದರೆ ಷಟರಿನ, ವೇಗ ಹೆಚ್ಚಿದ್ದಾಗ ಚಿತ್ರದ ತುಂಬ ಪಟ್ಟೆಗಳು ಮೂಡುತ್ತವೆ. ವಿಡಿಯೊದವರು ಮುಖಕ್ಕೆ ನೇರವಾಗಿ ಹಿಡಿಯುವ ದೀಪವಂತೂ ಕಣ್ಣು ಕಿರಿದಾಗಿಸಿ, ಹಣೆ ಹೊಳೆಯಿಸಿ, ಮುಖವನ್ನು ತಟ್ಟೆಯಂತೆ ಚಪ್ಪಟೆ ಮಾಡುತ್ತದೆ. ಅದನ್ನು ಎತ್ತರದಲ್ಲಿ, ಓರೆಯಾಗಿ ಇಡಿಸಿದರೆ ಅರ್ಧ ಆಲ್ಬಮ್ ಸುಧಾರಿಸುತ್ತದೆ. ಇದಕ್ಕೆ ಕಾಸೂ ಖರ್ಚಿಲ್ಲ. ಮದುವೆಗೆ ವಾರವಿರುವಾಗ, ಕಾರ್ಯಕ್ರಮ ನಡೆಯುವ ಹೊತ್ತಿಗೇ ಅಲ್ಲಿಗೆ ಹೋಗಿ ಛಾಯಾಗ್ರಾಹಕ ನಾಲ್ಕು ಚಿತ್ರ ತೆಗೆದು ನೋಡಿದರೆ ಇವೆಲ್ಲ ಮೊದಲೇ ಗೊತ್ತಾಗುತ್ತವೆ.

ಚಿತ್ರ ತೆಗೆದ ಮೇಲಿನ ತಿದ್ದುಪಡಿಯ ಬಗ್ಗೆ ನನ್ನದೊಂದು ಹಳೆಯ ಸಿಟ್ಟಿದೆ. ಇಲ್ಲಿ ಎಲ್ಲವನ್ನೂ ಕಂದು ಮಂಜಿನಲ್ಲಿ ಅದ್ದುತ್ತಾರೆ. ನಮ್ಮಲ್ಲಿ ವಧುವಿನ ಬಣ್ಣವನ್ನು ಅವಳ ತಾಯಿಗೇ ಗುರುತು ಸಿಗದಷ್ಟು ತಿಳಿಗೊಳಿಸುತ್ತಾರೆ. ಮೈಬಣ್ಣ ಇದ್ದಂತೆಯೇ ಇರಲಿ ಎಂದು ಒಪ್ಪಂದದಲ್ಲಿ ಒಂದು ಸಾಲು ಬರೆಸುವುದು ಅಗತ್ಯ. ಜೊತೆಗೇ, ಒಂದು ಕೆಟ್ಟರೂ ಇನ್ನೊಂದರಲ್ಲಿ ಸಿಗುವಂತೆ ಪ್ರತಿ ಚಿತ್ರವೂ ಕ್ಯಾಮೆರಾದಲ್ಲೇ ಎರಡು ಮೆಮೊರಿ ಕಾರ್ಡುಗಳ ಮೇಲೆ ಉಳಿಯುತ್ತದೆಯೇ ಎಂದೂ ಕೇಳಿಕೊಳ್ಳಬೇಕು.

ಈ ವರ್ಷ ತಮ್ಮನ ಮಗಳ ಮದುವೆ ಗೊತ್ತಾದಾಗ ಆ ಒಂದು ಹಾಳೆಯನ್ನು ನಾನೇ ಬರೆದು ಕಳಿಸಿದೆ. ‘ಇವೆಲ್ಲ ಯಾಕಣ್ಣ, ಅವರಿಗೆ ಗೊತ್ತಿರಲ್ವಾ?’ ಎಂದು ತಮ್ಮ ನಕ್ಕ. ಹನ್ನೊಂದು ಹೆಸರುಗಳಲ್ಲಿ ಮೊದಲನೆಯದು ಹೀಗಿತ್ತು: ‘ದೊಡ್ಡಮ್ಮ, 84 ವರ್ಷ, ದಪ್ಪ ಕನ್ನಡಕ. ಬಲಗಡೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿರುತ್ತೇವೆ. ಮೊದಲ ಒಂದು ಗಂಟೆ ಮಾತ್ರ ಇರುತ್ತಾರೆ.’ ಛಾಯಾಗ್ರಾಹಕ ಯುವಕ ಅಂದು ಅವರ ಹತ್ತಿರ ಎರಡು ಸಲ ಹೋಗಿ ಬಂದಿದ್ದ. ಕಿಟಕಿಯ ಬೆಳಕು ಒಂದು ಕೆನ್ನೆಯ ಸುಕ್ಕುಗಳನ್ನೆಲ್ಲ ಎಣಿಸಿಕೊಡುವಂತೆ ಬಿದ್ದಿದೆ, ಚಿತ್ರದ ಆಚೆಗಿರುವ ಯಾರನ್ನೋ ನೋಡಿ ದೊಡ್ಡಮ್ಮ ಬಾಯಿ ತುಂಬ ನಗುತ್ತಿದ್ದಾರೆ. ಅಚ್ಚು ಹಾಕಿಸಿ ಕೈಗೆ ಕೊಟ್ಟಾಗ ಬಹಳ ಹೊತ್ತು ನೋಡಿ, ‘ಫೋಟೊ ತೆಗೀತೀನಿ ಅಂತ ಮೊದ್ಲೇ ಹೇಳಿದ್ರೆ ಕನ್ನಡಕ ತೆಗೀತಿದ್ನಲ್ಲೋ’ ಎಂದು ನನ್ನನ್ನೇ ಬೈದರು.