ಹಳೇ ಮದರ್‌ಬೋರ್ಡಿಗೂ ಒಬ್ಬ ವಾರಸುದಾರ ಬೇಕು

ಎಚ್61 ಚಿಪ್‌ಸೆಟ್‌ನ ಮದರ್‌ಬೋರ್ಡ್ ಮನೆಯಲ್ಲಿ ಎಲ್ಲಾದರೂ ಬಿದ್ದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. 2011ರ ಚಿಪ್‌ಸೆಟ್, ನಿಜ. ಆದರೆ ಲಿನಕ್ಸ್ ಹಾಕಿದರೆ ಬ್ರೌಸರ್, ಆಫೀಸ್ ಕೆಲಸ, ಕೋಡಿಂಗ್ ಕಲಿಕೆ ಎಲ್ಲ ಇವತ್ತಿಗೂ ಆರಾಮಾಗಿ ನಡೆಯುತ್ತದೆ. ತೊಂದರೆ ಇರುವುದು ಬಯೋಸ್‌ನಲ್ಲಿ, ಅಂದರೆ ಕಂಪ್ಯೂಟರ್ ಆನ್ ಆದ ಕೂಡಲೇ ಎಲ್ಲಕ್ಕಿಂತ ಮೊದಲು ಓಡುವ ಬೋರ್ಡಿನದೇ ಸಾಫ್ಟ್‌ವೇರ್‌ನಲ್ಲಿ. ಇಷ್ಟು ಹಳೇ ಬೋರ್ಡಿನ ಬಯೋಸ್ ಕಡೆ ಕಂಪನಿಗಳು ತಿರುಗಿಯೂ ನೋಡುವುದಿಲ್ಲ. ಅದರಲ್ಲಿ ದೋಷ ಸಿಕ್ಕರೆ ನಾವೇ ಸರಿ ಮಾಡಿಕೊಳ್ಳೋಣ ಅಂದರೆ ಸೋರ್ಸ್ ಕೋಡ್ ಕೊಡುವುದಿಲ್ಲ.

ಕೋರ್‌ಬೂಟ್ ನನಗೆ ಮುಖ್ಯ ಅನಿಸುವುದು ಇದಕ್ಕೇ. 1999ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಲಿನಕ್ಸ್‌ಬಯೋಸ್ ಅಂತ ಶುರುವಾಗಿ, 2008ರಲ್ಲಿ ಹೆಸರು ಬದಲಿಸಿಕೊಂಡ ಓಪನ್ ಸೋರ್ಸ್ ಫರ್ಮ್‌ವೇರ್ ಅದು, ಕಂಪನಿಯ ಬಯೋಸ್ ಜಾಗದಲ್ಲಿ ಹಾಕಿಕೊಳ್ಳಬಹುದು. ಏಸಸ್‌ನ ಪಿ8ಎಚ್61 ಸಾಲಿನ ಕೆಲವು ಬೋರ್ಡ್‌ಗಳಿಗೆ ಅದರಲ್ಲಿ ಈಗಾಗಲೇ ಬೆಂಬಲ ಇದೆ.

ಹೊಸದಾಗಿ ಒಂದು ಬೋರ್ಡ್ ಸೇರಿಸಬೇಕು ಅಂದ ಕೂಡಲೇ ಎಲ್ಲ ಮೊದಲಿಂದ ಬರೆಯಬೇಕೇನೋ ಅಂತ ಹೆದರುತ್ತಾರೆ. ಹಾಗೇನಿಲ್ಲ. ಎಚ್61 ಬೋರ್ಡಿಗೆ ಕೂರುವ ಇಂಟೆಲ್‌ನ ಸ್ಯಾಂಡಿ ಬ್ರಿಡ್ಜ್, ಐವಿ ಬ್ರಿಡ್ಜ್ ಪ್ರೊಸೆಸರ್‌ಗಳಲ್ಲಿ ರ‍್ಯಾಮ್ ಚಾಲೂ ಮಾಡುವ ಕೋಡ್ ಇದೆಯಲ್ಲ, ಇಡೀ ಕೆಲಸದಲ್ಲಿ ತೀರಾ ಕಷ್ಟದ ಭಾಗ, ಅದನ್ನು ಇಂಟೆಲ್‌ನ ಮುಚ್ಚಿದ ಬೈನರಿ ಇಲ್ಲದೆಯೇ ನಡೆಯುವಂತೆ ಪುಣ್ಯಾತ್ಮರು ಯಾವಾಗಲೋ ಬರೆದಿಟ್ಟಿದ್ದಾರೆ. ಕಂಪನಿಯ ಬಯೋಸ್‌ನಲ್ಲೇ ಬೂಟ್ ಮಾಡಿ ಲಾಗ್ ತೆಗೆದು ಆಟೋಪೋರ್ಟ್ ಅನ್ನುವ ಕೋರ್‌ಬೂಟ್‌ನ ಟೂಲ್‌ಗೆ ಕೊಟ್ಟರೆ ಅದು ಒಂದು ಕರಡು ಕೋಡ್ ಮಾಡಿಕೊಡುತ್ತದೆ. ಆಮೇಲೆ ಉಳಿಯುವುದು ಆ ಬೋರ್ಡಿಗೇ ಸೇರಿದ ವಿಷಯ: ಜಿಪಿಐಒ (ಬೇರೆ ಬೇರೆ ಕೆಲಸಕ್ಕೆ ಬಳಸುವ ಚಿಪ್‌ಸೆಟ್‌ನ ಸಿಗ್ನಲ್ ಪಿನ್‌ಗಳು), ಯಾವ ಯುಎಸ್‌ಬಿ ಪೋರ್ಟ್ ಎಲ್ಲಿದೆ, ಆಡಿಯೋ, ಮತ್ತೆ ಫ್ಯಾನ್, ಸೀರಿಯಲ್ ಪೋರ್ಟ್ ನೋಡಿಕೊಳ್ಳುವ ಸೂಪರ್ ಐಒ ಚಿಪ್. ಬೂಟ್ ಆಯಿತು ಅಂತ ಖುಷಿಪಟ್ಟು ಅಲ್ಲಿಗೇ ಬಿಡಬಾರದು, ಯಾಕೆಂದರೆ ಸಸ್ಪೆಂಡ್ ಮಾಡಿ ಎಬ್ಬಿಸಿದಾಗ, ರ‍್ಯಾಮ್ ಬೇರೆ ಸ್ಲಾಟಿಗೆ ಹಾಕಿದಾಗ, ಫ್ಯಾನ್ ವೇಗ ನೋಡಿದಾಗ ಅಸಲಿ ತಪ್ಪುಗಳು ಹೊರಬೀಳುತ್ತವೆ.

ಫ್ಲ್ಯಾಶ್ ಮಾಡುವವರಿಗೆ, ಅಂದರೆ ಬಯೋಸ್ ಚಿಪ್‌ಗೆ ಹೊಸ ಕೋಡ್ ಬರೆಯುವವರಿಗೆ, ಒಂದು ಮಾತು. ಹಳೇ ಬಯೋಸ್ ಅನ್ನು ಎರಡು ಸಲ ಓದಿಸಿ, ಎರಡೂ ಫೈಲ್ ಒಂದೇ ಇವೆಯಾ ನೋಡಿ, ಆಮೇಲೆ ಮುಂದುವರಿಯಿರಿ. ಚಿಪ್ ಓದಿ ಬರೆಯುವ ಸಾಧನಕ್ಕೆ ಪ್ರೋಗ್ರಾಮರ್ ಅಂತಾರೆ; ಅಗ್ಗದ ಕಪ್ಪು ಸಿಎಚ್341ಎ ಪ್ರೋಗ್ರಾಮರ್‌ಗಳು ಡೇಟಾ ಲೈನ್‌ಗೆ 5 ವೋಲ್ಟ್ ಕೊಡುತ್ತವೆ, ಚಿಪ್‌ಗೆ ಬೇಕಾಗಿರುವುದು 3.3, ಹಾಗಾಗಿ ಹುಷಾರು.

ಇಂಟೆಲ್‌ನ ಮ್ಯಾನೇಜ್‌ಮೆಂಟ್ ಎಂಜಿನ್ (ಎಂಇ), ಅಂದರೆ ಚಿಪ್‌ಸೆಟ್ ಒಳಗೇ ಇರುವ ಇನ್ನೊಂದು ಪುಟ್ಟ ಕಂಪ್ಯೂಟರ್, ಮಾತ್ರ ಮುಚ್ಚಿದ ಕೋಡ್ ಆಗಿಯೇ ಉಳಿಯುತ್ತದೆ. ಎಂಇ ಕ್ಲೀನರ್ ಅನ್ನುವ ಟೂಲ್‌ನಿಂದ ಅದರ ಕೋಡನ್ನು ಬಹಳಷ್ಟು ಕತ್ತರಿಸಬಹುದು. ಪೂರ್ತಿ ತೆಗೆದರೆ 30 ನಿಮಿಷಕ್ಕೆ ಮಷೀನ್ ಆಫ್ ಆಗುತ್ತದೆ. ಇದಕ್ಕೆ ನನಗೆ ನಿಜವಾಗಲೂ ಸಿಟ್ಟಿದೆ, ದುಡ್ಡು ಕೊಟ್ಟು ತಗೊಂಡ ವಸ್ತು ನಮ್ಮದೇ ಅಲ್ವಾ?

ಆದರೆ ನನಗೆ ಜಾಸ್ತಿ ಚಿಂತೆ ಆಗುವುದು ಸೇರಿಸಿದ ಮೇಲಿನ ದಿನಗಳದ್ದು. ಏಸಸ್ ಕೆಜಿಪಿಇ-ಡಿ16 ಅಂತ ಎಎಂಡಿಯ ಆಪ್ಟೆರಾನ್ ಪ್ರೊಸೆಸರ್ ಕೂರುವ ಒಂದು ಸರ್ವರ್ ಬೋರ್ಡ್ ಇತ್ತು. ಸ್ವತಂತ್ರ ಸಾಫ್ಟ್‌ವೇರ್ ಜನರಿಗೆ ಅದರ ಮೇಲೆ ತುಂಬಾ ಪ್ರೀತಿ. 2019ರ 4.11 ಆವೃತ್ತಿ ಆದಮೇಲೆ ಕೋರ್‌ಬೂಟ್ ಮುಖ್ಯ ಕೋಡ್‌ನಿಂದ ಅದು ಹೊರಗೆ ಹೋಯಿತು. ಪ್ರಾಜೆಕ್ಟಿನ ಹೊಸ ನಿಯಮಗಳಿಗೆ ತಕ್ಕಂತೆ ಅದರ ಕೋಡ್ ಬದಲಾಗಲಿಲ್ಲ. ಪ್ರೀತಿಸುವವರು ಬೇಕಾದಷ್ಟಿದ್ದರು, ಕೂತು ಕೋಡ್ ತಿದ್ದಿ ಟೆಸ್ಟ್ ಮಾಡುವ ಕೈ ಸಾಲಲಿಲ್ಲ.

ಹಾಗಾಗಿ ಕೋಡ್ ಬರೆಯಲು ಬರದವರನ್ನೂ ಕೇಳುತ್ತಿದ್ದೇನೆ. ಬೋರ್ಡ್ ಇಟ್ಟುಕೊಂಡು, ಹೊಸ ಆವೃತ್ತಿ ಬಂದಾಗ ಬೂಟ್ ಮಾಡಿ ಲಾಗ್ ಕಳಿಸಿದರೂ ಅದು ದೊಡ್ಡ ಕೆಲಸವೇ. ಇಂಜಿನಿಯರಿಂಗ್ ಓದುತ್ತಿರುವವರು ಫೈನಲ್ ಇಯರ್ ಪ್ರಾಜೆಕ್ಟಿಗೆ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಹಳೇ ಎಚ್61 ಬೋರ್ಡ್ ಹುಡುಕಿ ತನ್ನಿ, ಕೋರ್‌ಬೂಟ್ ಪಟ್ಟಿಯಲ್ಲಿ ಇಲ್ಲದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಬೋರ್ಡಿನ ಚಿಪ್‌ಗಳ ವಿವರ ಓದುವ ಇಂಟೆಲ್‌ಟೂಲ್, ಸೂಪರ್‌ಐಒಟೂಲ್ ಓಡಿಸಿ ಬಂದ ಲಾಗ್ ಹಾಕಿ, ಒಟ್ಟಿಗೆ ಕೂತು ನೋಡೋಣ.