ಟಿವಿ ಪಕ್ಕದ ಕಿವಿ

ಕುವೆಂಪುನಗರದ ನಮ್ಮ ಮನೆಯಲ್ಲಿ ಈಗ ಗುಟ್ಟು ಮಾತಾಡಬೇಕು ಅಂದರೆ ಹಿತ್ತಲಿಗೇ ಹೋಗಬೇಕು. ಟಿವಿ ಪಕ್ಕ ಒಂದು ಸ್ಮಾರ್ಟ್ ಸ್ಪೀಕರ್ ಬಂದು ಕೂತಿದೆ. ಹೆಸರು ಹಿಡಿದು ಕರೆದರೆ ಹಾಡು ಹಾಕುತ್ತದೆ, ಮಳೆ ಬರುತ್ತಾ ಅಂತ ಹೇಳುತ್ತದೆ. ಕರೆಯದಿದ್ದರೂ ಓಗೊಡುತ್ತದೆ, ಅದೇ ತೊಂದರೆ. ಸೀರಿಯಲ್‌ನಲ್ಲಿ ಯಾರೋ ಏನೋ ಕಿರುಚಿದರೂ ನೀಲಿ ದೀಪ ಹತ್ತಿಸಿಕೊಂಡು ತಯಾರು.

ನಮ್ಮ ಯಜಮಾನರಿಗೆ ಅದರ ಮೇಲೆ ಭಾರಿ ನಂಬಿಕೆ. ಅದು ಸದಾ ಕಾಯುತ್ತಿರೋದು ತನ್ನ ಹೆಸರಿಗೆ ಮಾತ್ರವಂತೆ. ಹೆಸರು ಕೇಳಿಸಿದ ಮೇಲೆ ಆಡಿದ ಮಾತಷ್ಟೇ ಕಂಪನಿಯ ಸರ್ವರ್‌ಗೆ ಹೋಗುತ್ತದಂತೆ. ಕೇಳಿಸಿತು ಅಂತ ಅದಕ್ಕೆ ಸುಮ್ನೆ ಅನಿಸಿದರೂ ಹೋಗುತ್ತದೆ ಅನ್ನೋದನ್ನ ಮಾತ್ರ ಮೆಲ್ಲಗೆ ಹೇಳುತ್ತಾರೆ. ಅಮೆಜಾನ್, ಗೂಗಲ್, ಆಪಲ್ ಮೂರೂ ಕಡೆ ಇಂಥ ರೆಕಾರ್ಡಿಂಗ್‌ಗಳಲ್ಲಿ ಒಂದಿಷ್ಟನ್ನು ಜನರೇ ಕೂತು ಕೇಳುತ್ತಿದ್ದರು ಅಂತ 2019ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಇದನ್ನು ಅತ್ತೆಗೆ ಹೇಳಿದೆ.

"ಕೇಳ್ಕೊಳ್ಳಲಿ ಬಿಡವ್ವ. ಮದ್ದೂರು ಕಡೆ ಮಾತು ಅಮೆರಿಕದೋರಿಗೆ ಏನ್ ತಿಳೀತದೆ?"

ಅಮೆರಿಕದವರ ವಿಷಯ ಸರಿ. ಆದರೆ ಹೋದ ಭಾನುವಾರ ಪಾಂಡವಪುರದಿಂದ ದೊಡ್ಡ ಮಾವ ಬಂದರು, ಕೈಚೀಲದ ತುಂಬ ಅಚ್ಚುಬೆಲ್ಲ ಹಿಡಿದುಕೊಂಡು. ಕಾಫಿ ಆಯಿತು. ಯಜಮಾನರು ಮೊಬೈಲ್ ತೆಗೆದು, "ನಾವ್ ಹೇಳಿದ್ದೆಲ್ಲ ಈ ಆ್ಯಪ್‌ನಲ್ಲಿ ಹಂಗೇ ಇರ್ತದೆ ನೋಡಿ ದೊಡ್ಡಪ್ಪ" ಅಂತ ಮೇಲಿನದೊಂದನ್ನು ಒತ್ತಿದರು.

"...ಮೈಸೂರ್ ಪಾಕ್ ಡಬ್ಬ ಒಳಗಿಡವ್ವ. ಭಾವ ಬಂದ್ರೆ ತಳ ಕಾಣ್ಸಿಬಿಡ್ತಾರೆ."

ಅತ್ತೆಯದೇ ದನಿ. ಹಿಂದೆ ನಮ್ಮ ಕುಕ್ಕರ್ ಕೂಗಿದ್ದೂ ಸ್ಪಷ್ಟ. ಕೊನೆಗೆ ಸ್ಪೀಕರ್ ಇಂಗ್ಲಿಷ್‌ನಲ್ಲಿ, ತನಗೆ ಅರ್ಥವಾಗಲಿಲ್ಲ, ಕ್ಷಮಿಸಿ ಅಂದಿತ್ತು. ಇಡೀ ಹಾಲ್‌ನಲ್ಲಿ ಕ್ಷಮೆ ಕೇಳಿದ್ದು ಅದೊಂದೇ.

"ನಿಮಗೆ ಶುಗರ್ ಅಲ್ವಾ ಭಾವ, ಅದಕ್ಕೇ ಹಂಗಂದೆ," ಅಂದರು ಅತ್ತೆ.

"ನಂಗೆಲ್ಲವ್ವ ಶುಗರು? ನಂಗಿರೋದು ಬೀಪಿ."

ಯಜಮಾನರು ಅಳಿಸೋಕೆ ಹೋದರು. ಅಳಿಸೋ ಸೌಲಭ್ಯ ಇದೆ, ಸುಳ್ಳಲ್ಲ. ಆದರೆ ಬೆವರಿದ ಬೆರಳು ಎಲ್ಲಿ ತಾಗಿತೋ, ಭಾವ ಇನ್ನೊಂದು ಸಲ ಡಬ್ಬದ ತಳ ಕಾಣಿಸಿದರು. ನಾನು ಲೋಟ ಎತ್ತಿಕೊಳ್ಳೋ ನೆಪದಲ್ಲಿ ಎದ್ದೆ. ನಗು ತಡೆಯೋಕೆ ಅಡುಗೆಮನೆಯೇ ವಾಸಿ.

ಮೈಕ್ ಬಂದ್ ಮಾಡೋ ಗುಂಡಿ ಸ್ಪೀಕರ್ ತಲೆ ಮೇಲೇ ಇದೆ, ಒತ್ತಿದರೆ ಕೆಂಪು ದೀಪ ಬರುತ್ತದೆ. ಅತ್ತೆಗೆ ಅಷ್ಟೆಲ್ಲ ವ್ಯವಧಾನ ಎಲ್ಲಿ? ಕುರ್ಚಿ ಮೇಲಿದ್ದ ಟವೆಲ್ ಎಳೆದು ಅದರ ಮೇಲೆ ಹೊದಿಸಿಬಿಟ್ಟರು.

ದೊಡ್ಡ ಮಾವ ನಿಧಾನಕ್ಕೆ ಎದ್ದರು. ಟವೆಲ್ ಒಂದು ತುದಿ ಎತ್ತಿ, ಬಗ್ಗಿ ಕೇಳಿದರು: "ಏನವ್ವಾ, ಆ ಡಬ್ಬ ಎಲ್ಲಿಟ್ಟವ್ರೆ?"